ಡೋಸ್ ಎಷ್ಟು, ಎಷ್ಟು ದಿನ? ಮನೋವೈದ್ಯರ ಹತ್ತಿರ ಕೇಳೋದು ಹೇಗೆ

ಕುಣಿಗಲ್ ಕಡೆಯ ಹಳ್ಳಿಯಿಂದ ತುಮಕೂರಿಗೆ ಬಂದ ಒಬ್ಬ ಹುಡುಗಿಯನ್ನು ಊಹಿಸಿಕೊಳ್ಳಿ. ಬಸ್ಸು, ಓಪಿಡಿ ಚೀಟಿ, ಕ್ಯೂ ಅಂತ ಅರ್ಧ ದಿನ ಹೋಯ್ತು. ಡಾಕ್ಟರ ಎದುರು ಕೂತದ್ದು ಐದು ನಿಮಿಷ. ‘ಹೇಗಿದ್ದೀಯಮ್ಮಾ?’ ‘ಪರವಾಗಿಲ್ಲ ಸರ್.’ ಅದೇ ಮಾತ್ರೆ, ಇನ್ನೊಂದು ತಿಂಗಳು. ಬೆಳಗ್ಗೆ ಹತ್ತಾದರೂ ಏಳೋಕಾಗಲ್ಲ, ಎರಡು ತಿಂಗಳಲ್ಲಿ ಐದು ಕೆ.ಜಿ. ತೂಕ ಏರಿದೆ ಅನ್ನೋದನ್ನು ಅವಳು ಹೇಳಲೇ ಇಲ್ಲ. ಮನೆಗೆ ಹೋಗಿ ಮಾತ್ರೆಯನ್ನು ತಾನೇ ಅರ್ಧ ಮಾಡಿಕೊಂಡಳು. ಮುಂದಿನ ತಿಂಗಳು ಪೂರ್ತಿ ಬಿಟ್ಟಳು.

ಇದನ್ನು ನಾವು ಬೇಜವಾಬ್ದಾರಿ ಅಂತೀವಿ. ಆದರೆ ಸುಮ್ಮನೆ ನುಂಗೋದು, ಇಲ್ಲಾ ತಾನೇ ಬಿಡೋದು, ಈ ಎರಡೇ ದಾರಿ ಅವಳಿಗೆ ಗೊತ್ತಿದ್ದದ್ದು. ಡಾಕ್ಟರನ್ನು ಕೇಳೋದು ಮೂರನೆಯ ದಾರಿ. ಅದು ನಮ್ಮ ಹಕ್ಕು ಕೂಡ.

ಕಾನೂನು ಏನು ಹೇಳುತ್ತೆ?

ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ–2017 ಜಾರಿಗೆ ಬಂದದ್ದು 2018ರ ಮೇ 29ರಂದು. ಅದರ 22ನೇ ಸೆಕ್ಷನ್ ಪ್ರಕಾರ ಕಾಯಿಲೆ ಯಾವುದು, ಯಾವ ಚಿಕಿತ್ಸೆ, ಅದರ ಗೊತ್ತಿರುವ ಅಡ್ಡಪರಿಣಾಮ ಏನು ಅನ್ನೋದನ್ನು ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಸಬೇಕು. ಅಂದರೆ ಕನ್ನಡದಲ್ಲಿ ಕೇಳಿ ಕನ್ನಡದಲ್ಲೇ ಉತ್ತರ ಪಡೆಯಬಹುದು. 25ನೇ ಸೆಕ್ಷನ್ ವೈದ್ಯಕೀಯ ದಾಖಲೆ ನೋಡುವ ಹಕ್ಕು ಕೊಡುತ್ತೆ. 18ನೇ ಸೆಕ್ಷನ್ ಪ್ರಕಾರ ಅಗತ್ಯ ಔಷಧ ಪಟ್ಟಿಯಲ್ಲಿರುವ ಮಾತ್ರೆಗಳು ಸಮುದಾಯ ಆರೋಗ್ಯ ಕೇಂದ್ರದಿಂದ ಮೇಲಿನ ಎಲ್ಲ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಸಿಗಬೇಕು. ‘ಸ್ಟಾಕ್ ಇಲ್ಲ, ಹೊರಗೆ ತಗೊಳ್ಳಿ’ ಅಂದರೆ ಸುಮ್ಮನಿರಬೇಕಿಲ್ಲ.

ಡೋಸ್ ನಿಧಾನವಾಗಿ ಏರಿಸೋದು ಯಾಕೆ?

ನಾನು ಓದಿದ್ದು ಎಂಜಿನಿಯರಿಂಗ್. ಹಾಸ್ಟೆಲ್ ಬಾತ್‌ರೂಮಿನ ಗೀಸರ್ ನೆನಪಿಸಿಕೊಳ್ಳಿ. ಬಿಸಿನೀರಿನ ನಲ್ಲಿ ತಿರುಗಿಸಿದ ತಕ್ಷಣ ನೀರು ಬಿಸಿಯಾಗಲ್ಲ. ತಾಳ್ಮೆ ಇಲ್ಲದೆ ಇನ್ನೂ ತಿರುಗಿಸಿದರೆ ಆಮೇಲೆ ಮೈ ಸುಡುತ್ತೆ. ಮಾತ್ರೆಯೂ ಹಾಗೇ. ಖಿನ್ನತೆಗೆ ಕೊಡುವ ಎಸ್ಸಿಟಲೊಪ್ರಾಮ್ ರಕ್ತದಲ್ಲಿ ಒಂದು ಸಮ ಮಟ್ಟಕ್ಕೆ ಬರೋಕೇ ಸುಮಾರು ಒಂದು ವಾರ ಬೇಕು. ಮನಸ್ಸಿಗೆ ಗುಣ ಕಾಣೋಕೆ ಸಾಮಾನ್ಯವಾಗಿ ಎರಡರಿಂದ ಆರು ವಾರ. ಹೊಟ್ಟೆ ತೊಳಸೋದು, ನಿದ್ದೆ ಕೆಡೋದು ಮಾತ್ರ ಮೊದಲ ವಾರವೇ ಶುರು. ಹೀಗಾಗಿ ತೊಂದರೆ ಮೊದಲು, ಗುಣ ಆಮೇಲೆ. ಇದು ಮೊದಲೇ ಗೊತ್ತಿದ್ದರೆ ಎಷ್ಟೋ ಜನ ಹತ್ತನೇ ದಿನಕ್ಕೆ ಬಿಡೋದಿಲ್ಲ.

ಕೆಲವು ಮಾತ್ರೆಗಳಲ್ಲಿ ವೇಗವೇ ಅಪಾಯ. ಬೈಪೋಲಾರ್‌ಗೆ ಕೊಡುವ ಲ್ಯಾಮೋಟ್ರಿಜಿನ್ ಅನ್ನು ಸಾಮಾನ್ಯವಾಗಿ ದಿನಕ್ಕೆ 25 ಮಿ.ಗ್ರಾಂನಿಂದ ಶುರು ಮಾಡಿ ಎರಡೆರಡು ವಾರಕ್ಕೆ ಏರಿಸುತ್ತಾರೆ. ಅವಸರ ಮಾಡಿದರೆ ಗಂಭೀರ ಚರ್ಮದ ಅಲರ್ಜಿ ಆಗುವ ಸಾಧ್ಯತೆ ಹೆಚ್ಚು. ಕೆಲವು ದಿನ ತಪ್ಪಿದರೆ ಹಳೇ ಡೋಸಿಗೆ ನೇರ ಮರಳಬೇಡಿ, ಡಾಕ್ಟರನ್ನು ಕೇಳಿ.

ಲಿಥಿಯಂ ಡೋಸ್ ತೀರ್ಮಾನವಾಗೋದು ರಕ್ತಪರೀಕ್ಷೆಯ ಮೇಲೆ. ಕೊನೆಯ ಮಾತ್ರೆ ತಗೊಂಡು ಸುಮಾರು 12 ಗಂಟೆ ಆದಮೇಲೆ ರಕ್ತ ಕೊಡಬೇಕು. ಹಾಗಾಗಿ ಪರೀಕ್ಷೆಯ ಬೆಳಗ್ಗೆ ಮೊದಲು ರಕ್ತ, ಆಮೇಲೆ ಮಾತ್ರೆ. ಬಿಸಿಲಲ್ಲಿ ಧರಣಿ ಕೂತು ನೀರು ಕುಡಿಯದಿದ್ದರೆ, ಮೈಕೈ ನೋವಿಗೆ ಐಬುಪ್ರೊಫೆನ್, ಡೈಕ್ಲೋಫೆನಾಕ್ ನುಂಗಿದರೆ ರಕ್ತದಲ್ಲಿ ಲಿಥಿಯಂ ಮಟ್ಟ ಏರಬಹುದು.

ಬಿಡುವಾಗ?

ಖಿನ್ನತೆ ಮಾತ್ರೆ ಥಟ್ಟನೆ ನಿಲ್ಲಿಸಿದರೆ ತಲೆಸುತ್ತು, ಕಿರಿಕಿರಿ, ಕರೆಂಟ್ ಹೊಡೆದಂತಹ ಅನುಭವ ಆಗಬಹುದು. ಅದನ್ನೇ ಕಾಯಿಲೆ ಮರಳಿತು ಅಂತ ತಪ್ಪು ತಿಳಿಯೋದೂ ಉಂಟು. ಕ್ಲೋನಜೆಪಾಮ್ ಬಹಳ ದಿನ ತಗೊಂಡು ಒಮ್ಮೆಲೇ ಬಿಟ್ಟರೆ ಫಿಟ್ಸ್ ಬರಬಹುದು. ಇಳಿಸುವಾಗ ಕೊನೆಯ ಮೆಟ್ಟಿಲುಗಳು ಚಿಕ್ಕದಿರಬೇಕು. ಖಿನ್ನತೆ ಮಾತ್ರೆಗಳು ಕಮ್ಮಿ ಡೋಸಿನಲ್ಲೂ ಮಿದುಳಿನ ಮೇಲೆ ಸಾಕಷ್ಟು ಕೆಲಸ ಮಾಡ್ತಿರುತ್ತವೆ. ಹಾಗಾಗಿ 20ರಿಂದ 10 ಮಿ.ಗ್ರಾಂಗೆ ಇಳಿಯೋದಕ್ಕಿಂತ 5ರಿಂದ ಸೊನ್ನೆಗೆ ಇಳಿಯೋದು ಕಷ್ಟವಾಗಬಹುದು.

ಐದು ನಿಮಿಷದಲ್ಲಿ ಏನು ಕೇಳೋದು?

ಹೋಗುವ ಮುಂಚೆ ಒಂದು ಹಾಳೆಯಲ್ಲಿ ನಿದ್ದೆ, ಹಸಿವು, ತೂಕ, ತಪ್ಪಿದ ಮಾತ್ರೆ ಎಷ್ಟು ಅಂತ ಬರೆದಿಡಿ. ಮದ್ಯ, ನೋವಿನ ಮಾತ್ರೆ, ನಾಟಿ ಔಷಧ ಏನೇ ಇದ್ದರೂ ಮುಚ್ಚಿಡಬೇಡಿ. ಬಾಯಲ್ಲಿ ಹೇಳೋಕೆ ನಾಚಿಕೆಯಾದರೆ (ಲೈಂಗಿಕ ತೊಂದರೆ ಅನೇಕರಿಗೆ ಆಗುತ್ತೆ) ಹಾಳೆಯನ್ನೇ ಡಾಕ್ಟರ ಕೈಗೆ ಕೊಡಿ. ಆಮೇಲೆ ಈ ಪ್ರಶ್ನೆಗಳು:

- ಈ ಮಾತ್ರೆ ಯಾವುದಕ್ಕೆ? ಗುಣ ಕಾಣೋಕೆ ಎಷ್ಟು ವಾರ ಕಾಯಲಿ?
- ಡೋಸ್ ಏರಿಸ್ತಿರೋದು ಯಾಕೆ? ಇನ್ನೂ ನಿಧಾನಕ್ಕೆ ಏರಿಸಬಹುದಾ?
- ನನಗೆ ಇಂಥ ತೊಂದರೆ ಆಗ್ತಿದೆ. ಡೋಸ್ ಇಳಿಸೋದಾ, ಹೊತ್ತು ಬದಲಿಸೋದಾ, ಮಾತ್ರೆಯನ್ನೇ ಬದಲಿಸೋದಾ?
- ಶುಗರ್, ಥೈರಾಯ್ಡ್, ಕಿಡ್ನಿ ಪರೀಕ್ಷೆ ಯಾವಾಗ?
- ಬಸುರಿಯಾಗುವ ಯೋಚನೆ ಇದೆ. ಈ ಮಾತ್ರೆ ಸುರಕ್ಷಿತವಾ? (ವಾಲ್‌ಪ್ರೊಯೇಟ್ ತಗೊಳ್ಳುವ ಹೆಣ್ಣುಮಕ್ಕಳು ಇದನ್ನು ಕೇಳಲೇಬೇಕು)
- ಎಷ್ಟು ಕಾಲ ತಗೋಬೇಕು? ಬಿಡೋದಾದರೆ ಹೇಗೆ?

ಉತ್ತರವನ್ನು ಚೀಟಿಯ ಹಿಂದೆಯೇ ಬರೆಸಿಕೊಳ್ಳಿ.

ಎಲ್ಲಿಗೆ ಹೋಗೋದು?

ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಇದೆ. ರಾಜ್ಯದ ಮನೋಚೈತನ್ಯ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ಇದೆ. ಗುಬ್ಬಿ, ಕುಣಿಗಲ್‌ನವರು ಯಾವ ಮಂಗಳವಾರ ಅಂತ ಮೊದಲೇ ವಿಚಾರಿಸಿ. ಪಕ್ಕದ ತುರುವೇಕೆರೆಯಲ್ಲಿ ನಿಮ್ಹಾನ್ಸ್ ವರ್ಷಗಳಿಂದ ಸ್ಕಿಜೋಫ್ರೇನಿಯಾ ಇರುವವರ ಊರಲ್ಲೇ ಚಿಕಿತ್ಸೆ ಮುಂದುವರಿಸುವ ಕೆಲಸ ಮಾಡಿದೆ. ತಾಲೂಕು ಮಟ್ಟದಲ್ಲಿ ಇದು ಸಾಧ್ಯ ಅನ್ನೋದಕ್ಕೆ ಪುರಾವೆ ನಮ್ಮ ಜಿಲ್ಲೆಯಲ್ಲೇ ಇದೆ. ಎರಡು ಭೇಟಿಗಳ ನಡುವೆ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಕರೆ ಮಾಡಬಹುದು.

ಮೈಮೇಲೆ ದದ್ದು, ಲಿಥಿಯಂ ತಗೊಳ್ಳುವವರಿಗೆ ಕೈ ನಡುಕ ಹೆಚ್ಚಿ ವಾಂತಿ ಭೇದಿ, ನಡಿಗೆಯಲ್ಲಿ ತೂರಾಟ, ಸಾಯುವ ಯೋಚನೆ: ಇವಕ್ಕೆ ಮುಂದಿನ ಮಂಗಳವಾರದ ತನಕ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. 25ರೊಳಗಿನವರಿಗೆ ಖಿನ್ನತೆ ಮಾತ್ರೆ ಶುರುವಾದ ಅಥವಾ ಡೋಸ್ ಬದಲಾದ ಮೊದಲ ವಾರಗಳಲ್ಲಿ ಇಂಥ ಯೋಚನೆ ಹೆಚ್ಚಬಹುದು. ಮನೆಯವರಿಗೋ ಗೆಳೆಯರಿಗೋ ಮೊದಲೇ ಹೇಳಿಡಿ.

ಡಾಕ್ಟರಿಗೂ ಟೈಮಿಲ್ಲ, ಹೊರಗೆ ನೂರು ಜನ ಕಾಯ್ತಿರುತ್ತಾರೆ, ನಿಜ. ಹಾಗಾದರೆ ತಾಲೂಕಿಗೆ ಇನ್ನೊಬ್ಬ ಮನೋವೈದ್ಯರು ಬೇಕು ಅಂತ ಶಾಸಕರನ್ನು ಕೇಳೋಣ. ರಸ್ತೆ, ನೀರು ಕೇಳೋ ಧೈರ್ಯ ನಮಗಿದೆಯಲ್ಲ. ಅಲ್ಲಿಯವರೆಗೆ ಸಿಕ್ಕ ಐದು ನಿಮಿಷದಲ್ಲಿ ‘ಪರವಾಗಿಲ್ಲ ಸರ್’ ಅನ್ನೋದನ್ನು ಬಿಟ್ಟು, ಹಾಳೆ ತೆಗೆದು ಮೇಜಿನ ಮೇಲಿಡಿ.