ಬೆನಗಲ್ ಎಂಬ ಹೆಸರು

ಕರಾವಳಿಯ ಸಾರಸ್ವತರಲ್ಲಿ ಊರ ಹೆಸರೇ ಮನೆತನದ ಹೆಸರಾಗಿ ನಿಲ್ಲುವುದು ಹೊಸತಲ್ಲ. ಉಳ್ಳಾಲ, ಕಾರ್ನಾಡು, ಅಮ್ಮೆಂಬಳ ಇವೆಲ್ಲವೂ ಮೊದಲು ಗ್ರಾಮಗಳು, ಅನಂತರ ಮನುಷ್ಯರು. ಉಡುಪಿ ಸೀಮೆಯ ಬೆನಗಲ್ ಕೂಡ ಅಂತಹುದೇ. ಆ ಊರಿನ ಮಣ್ಣನ್ನು ತುಳಿದುದಕ್ಕಿಂತ ಹೆಚ್ಚಾಗಿ ಅದರ ಹೆಸರನ್ನು ಹೊತ್ತು ದೂರ ನಡೆದವರ ಸ್ಮರಣೆಯೇ ಈ ಲೇಖನದ ಉದ್ದೇಶ.

ಮೊದಲು ಒಂದು ಭ್ರಾಂತಿಯನ್ನು ನಿವಾರಿಸಬೇಕು. ಬೆನಗಲ್ ರಾಮರಾಯರೆಂಬವರು ಇಬ್ಬರು. ಕನ್ನಡಿಗರಿಗೆ ಆಪ್ತರಾದವರು, ಮಂಗಳೂರಿನ ‘ಸುವಾಸಿನಿ’ ಪತ್ರಿಕೆಯನ್ನು ನಡೆಸಿ, 1925ರ ಬೆಳಗಾವಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವನ್ನು ಅಲಂಕರಿಸಿ, ಪಾನ್ಯಂ ಸುಂದರಶಾಸ್ತ್ರಿಗಳೊಡನೆ ‘ಪುರಾಣನಾಮ ಚೂಡಾಮಣಿ’ಯನ್ನು ಸಂಕಲಿಸಿ, 1943ರಲ್ಲಿ ಕಾಲವಶರಾದ ವಿದ್ವಾಂಸರು. ಇನ್ನೊಬ್ಬರು ರಿಸರ್ವ್ ಬ್ಯಾಂಕಿನ ಗವರ್ನರರಾಗಿದ್ದವರು. ಒಬ್ಬರ ರುಜು ಬ್ಯಾಂಕಿನ ನೋಟಿನ ಮೇಲೆ, ಮತ್ತೊಬ್ಬರದು ನಿಘಂಟಿನ ಮುಖಪುಟದ ಮೇಲೆ. ಯಾವುದು ಹೆಚ್ಚುಕಾಲ ಚಲಾವಣೆಯಲ್ಲಿದೆಯೆಂಬುದನ್ನು ವಾಚಕರೇ ನಿರ್ಧರಿಸಲಿ.

ಈ ಎರಡನೆಯ ರಾಮರಾಯರು, ಅವರ ಅಣ್ಣ ನರಸಿಂಗರಾಯರು, ತಮ್ಮ ಶಿವರಾಯರು—ಮೂವರೂ ವೈದ್ಯರಾಗಿದ್ದ ಬೆನಗಲ್ ರಾಘವೇಂದ್ರರಾಯರ ಮಕ್ಕಳು. ಇಂಗ್ಲಿಷಿನಲ್ಲಿ ‘ರಾವ್’ ಎಂಬುದನ್ನು ಬರೆಯುವಾಗ ಅಣ್ಣಂದಿರಿಬ್ಬರೂ ಕೊನೆಗೆ ‘ಯು’ ಅಕ್ಷರವನ್ನೂ ತಮ್ಮನು ‘ಓ’ ಅಕ್ಷರವನ್ನೂ ಇಡುತ್ತಿದ್ದರು. ಅಲ್ಲಿ ಅಗಲಿದ ಸಹೋದರರು ಕನ್ನಡದ ‘ರಾಯರು’ ಎಂಬ ಮಾತಿನಲ್ಲಿ ಮತ್ತೆ ಒಂದಾಗುತ್ತಾರೆ. ಊರ ಹೆಸರಾದರೋ ಮೂವರಲ್ಲಿಯೂ ‘ಬಿ.’ ಎಂಬ ಒಂದಕ್ಷರದೊಳಗೆ ಅಡಗಿ ಕುಳಿತಿತ್ತು.

1887ರಲ್ಲಿ ಜನಿಸಿದ ನರಸಿಂಗರಾಯರು ಮಂಗಳೂರಿನ ಕೆನರಾ ಹೈಸ್ಕೂಲಿನಲ್ಲಿ ಓದಿ, ಮದರಾಸು ಕೇಂಬ್ರಿಜ್ಜುಗಳನ್ನು ದಾಟಿ, ಐ.ಸಿ.ಎಸ್. ಅಧಿಕಾರಿಯಾಗಿ ಬಂಗಾಳಕ್ಕೆ ಹೋದವರು. ಸಿಂಧೂನದಿಯ ನೀರಿನ ವ್ಯಾಜ್ಯ, ಹಿಂದೂ ಕಾನೂನಿನ ಪರಿಷ್ಕರಣ, ಕಾಶ್ಮೀರದ ಪ್ರಧಾನಮಂತ್ರಿಪದ ಇವೆಲ್ಲವನ್ನೂ ನಿರ್ವಹಿಸಿದ ಮೇಲೆ 1946ರಲ್ಲಿ ಅವರು ಸಂವಿಧಾನ ಸಭೆಯ ಸಲಹೆಗಾರರಾದರು. ಅಮೆರಿಕ, ಕೆನಡಾ, ಐರ್ಲೆಂಡುಗಳ ನ್ಯಾಯವೇತ್ತರನ್ನು ಕಂಡು ಚರ್ಚಿಸುವ ಮೊದಲೇ ಅವರು 1947ರ ಅಕ್ಟೋಬರಿನಲ್ಲಿ ಸಿದ್ಧಪಡಿಸಿದ, ಸುಮಾರು 240 ವಿಧಿಗಳೂ 13 ಅನುಸೂಚಿಗಳೂ ಇದ್ದ ಮೊದಲ ಕರಡನ್ನು ಮುಂದಿಟ್ಟುಕೊಂಡೇ ಡಾಕ್ಟರ್ ಅಂಬೇಡ್ಕರರ ಸಮಿತಿ ತನ್ನ ಕಾರ್ಯವನ್ನು ಆರಂಭಿಸಿತು. ಅಂಬೇಡ್ಕರರು 1949ರ ನವೆಂಬರ್ 25ರ ತಮ್ಮ ಭಾಷಣದಲ್ಲಿ ಈ ಋಣವನ್ನು ಮುಕ್ತಕಂಠದಿಂದ ಸ್ಮರಿಸಿದರು. ಆದರೆ ನರಸಿಂಗರಾಯರು ಆ ಸಭೆಯ ಸದಸ್ಯರೇ ಅಲ್ಲ. ಸದಸ್ಯರಾಗಿದ್ದವರು ತಮ್ಮ ಶಿವರಾಯರು. 1950ರ ಜೂನಿನಲ್ಲಿ ಕೊರಿಯಾದ ಯುದ್ಧ ಹೊತ್ತಿಕೊಂಡಾಗ ಭದ್ರತಾ ಮಂಡಳಿಯ ಅಧ್ಯಕ್ಷಸ್ಥಾನದಲ್ಲಿ ನರಸಿಂಗರಾಯರಿದ್ದರು. ಅನಂತರ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾಗಿ ಎರಡು ವರ್ಷವೂ ತುಂಬುವ ಮೊದಲೇ, 1953ರ ನವೆಂಬರ್ 30ರಂದು, ಸ್ವಿಟ್ಜರ್ಲೆಂಡಿನ ಜೂರಿಕ್ ನಗರದಲ್ಲಿ ಕಣ್ಮುಚ್ಚಿದರು.

ರಾಮರಾಯರು 1949ರಿಂದ ಏಳೂವರೆ ವರ್ಷ ರಿಸರ್ವ್ ಬ್ಯಾಂಕನ್ನು ನಡೆಸಿದರು. ಅಷ್ಟು ದೀರ್ಘಾವಧಿ ಆ ಪೀಠದಲ್ಲಿ ಕುಳಿತವರು ಬೇರೊಬ್ಬರಿಲ್ಲ. ಬ್ಯಾಂಕು ಅರ್ಥಖಾತೆಯ ಒಂದು ಅಂಗಮಾತ್ರವೆಂಬ ಭಾವದಿಂದ ಸಚಿವ ಟಿ.ಟಿ. ಕೃಷ್ಣಮಾಚಾರಿಯವರು ನಡೆದುಕೊಂಡುದನ್ನೂ, ಪ್ರಧಾನಿಯವರು ಸಚಿವರ ಪಕ್ಷವನ್ನೇ ಹಿಡಿದುದನ್ನೂ ಕಂಡು 1957ರ ಜನವರಿಯಲ್ಲಿ ರಾಜೀನಾಮೆಯಿತ್ತು ಹೊರನಡೆದರು. ಅವರ ಮರಣ 1969ರಲ್ಲಿ.

ಪತ್ರಕರ್ತರಾದ ಶಿವರಾಯರು ದಕ್ಷಿಣ ಕನ್ನಡದಿಂದ ಮೊದಲ ಲೋಕಸಭೆಗೆ ಆರಿಸಿ ಬಂದವರು. ಆದರೆ ನನ್ನ ದೃಷ್ಟಿಯಲ್ಲಿ ಅವರ ಹಿರಿಯ ಕಾರ್ಯ ಸಭೆಯೊಳಗಿನದಲ್ಲ. ಅಗಲಿದ ಅಣ್ಣನ ಬರಹಗಳನ್ನು ಕೂಡಿಸಿ 1960ರಲ್ಲಿ ಗ್ರಂಥರೂಪದಲ್ಲಿ ಹೊರತಂದು, ಸಂವಿಧಾನ ರಚನೆಯ ದಾಖಲೆಗಳನ್ನು ಬೃಹತ್ಸಂಪುಟಗಳಲ್ಲಿ ಸಂಪಾದಿಸಿ ಅವರು 1975ರಲ್ಲಿ ತೀರಿಕೊಂಡರು. ನರಸಿಂಗರಾಯರ ಶ್ರಮ ಇಂದಿಗೂ ನಮ್ಮ ಕೈಗೆ ಸಿಗುತ್ತಿರುವುದು ಬಹುಮಟ್ಟಿಗೆ ಈ ತಮ್ಮನಿಂದ.

ಒಂದಕ್ಷರದಲ್ಲಿ ಅಡಗಿದ್ದ ಊರನ್ನು ಪೂರ್ಣವಾಗಿ ಬಿಡಿಸಿ ಬರೆದವರು ಮುಂದಿನವರು. ರಂಗೂನಿನಲ್ಲಿ ಹುಟ್ಟಿ, ನೇತಾಜಿಯವರು ಜಪಾನಿಗೆ ಕಳುಹಿಸಿದ ತರುಣರಲ್ಲೊಬ್ಬರಾಗಿ, 1971ರ ಯುದ್ಧದಲ್ಲಿ ಮಹಾವೀರ ಚಕ್ರವನ್ನು ಪಡೆದ ವಾಯುಪಡೆಯ ರಮೇಶ ಬೆನಗಲ್ 2003ರಲ್ಲಿ ನಿಧನರಾದರು. ಹೈದರಾಬಾದಿನ ನೆಲದಲ್ಲಿ ಬೆಳೆದ ಶ್ಯಾಮ್ ಬೆನಗಲ್, ‘ಅಂಕುರ್’, ‘ಮಂಥನ್’ ಚಲನಚಿತ್ರಗಳಾದ ನಾಲ್ಕು ದಶಕಗಳ ಮೇಲೆ, 2014ರಲ್ಲಿ, ಸಂವಿಧಾನ ಸಭೆಯ ಕಥೆಯನ್ನೇ ಹತ್ತು ಕಂತುಗಳಲ್ಲಿ ಕಿರುತೆರೆಯ ಪ್ರೇಕ್ಷಕರ ಮುಂದಿಟ್ಟರು. ತೊಂಬತ್ತು ತುಂಬಿದ ಒಂಬತ್ತನೆಯ ದಿನ, 2024ರ ಡಿಸೆಂಬರ್ 23ರಂದು, ಮುಂಬಯಿಯಲ್ಲಿ ಅವರು ತೀರಿಕೊಂಡಾಗ ಉತ್ತರದವರ ಬಾಯಲ್ಲಿ ‘ಬೆನೇಗಲ್’ ಎಂದಾಗಿ ಹೋಗಿದ್ದ ಆ ಊರು ಕನ್ನಡದ ಪತ್ರಿಕೆಗಳಲ್ಲಿ ಮತ್ತೆ ‘ಬೆನಗಲ್’ ಎಂದು ಅಚ್ಚಾಯಿತು.