ಪರರ ನೆರಳಿಗಾಗಿ ನೆಟ್ಟ ಮರಗಳು

ನಗರಗಳ ಚರಿತ್ರೆಯಲ್ಲಿ ಅರಸರ ಹಾಗೂ ದಿವಾನರ ಹೆಸರುಗಳು ಎದ್ದು ಕಾಣುತ್ತವೆ. ಅವರ ಕಾಲದ ಉದ್ಯಾನಗಳನ್ನು ಆಯುಷ್ಯವಿಡೀ ಬೆಳೆಸಿ ಕಾಪಾಡಿದವರ ಹೆಸರುಗಳಾದರೋ ಬಹುಬೇಗ ಮರೆಯಾಗುತ್ತವೆ. ಬೆಂಗಳೂರಿನ ಲಾಲ್‌ಬಾಗಿನ ಸಮೀಪ ರಸ್ತೆಯೊಂದಕ್ಕೆ ಹೆಸರಾಗಿ ಉಳಿದಿರುವ ಕ್ರುಂಬಿಗಲ್ ಎಂಬುವರನ್ನು ನಾವು ಇಲ್ಲಿ ಸ್ಮರಿಸಬಯಸುತ್ತೇವೆ.

ಗುಸ್ತಾವ್ ಹರ್ಮನ್ ಕ್ರುಂಬಿಗಲ್ 1865ರಲ್ಲಿ ಜರ್ಮನಿಯ ಡ್ರೆಸ್ಡೆನ್ ನಗರದ ಬಳಿಯ ಲೋಮೆನ್‌ನಲ್ಲಿ ಜನಿಸಿದರು. ಲಂಡನ್ನಿನ ಪ್ರಖ್ಯಾತ ಕ್ಯೂ ಸಸ್ಯೋದ್ಯಾನದಲ್ಲಿ ದುಡಿದು, 1893ರಲ್ಲಿ ಬರೋಡಾ ಸಂಸ್ಥಾನದ ಸೇವೆಗೆ ಬಂದರು. 1908ರಲ್ಲಿ ಮೈಸೂರು ಸಂಸ್ಥಾನವು ಅವರಿಗೆ ಲಾಲ್‌ಬಾಗಿನ ಹೊಣೆಯನ್ನು ಒಪ್ಪಿಸಿತು.

ಅವರಿಗೆ ದೊರೆತದ್ದು ಬರಿದಾದ ಭೂಮಿಯಲ್ಲ. 1760ರಲ್ಲಿ ಹೈದರ್ ಅಲಿ ಆರಂಭಿಸಿದ ತೋಟವನ್ನು ಜಾನ್ ಕ್ಯಾಮರಾನ್ 1874ರಿಂದ ಮೂವತ್ತನಾಲ್ಕು ವರ್ಷ ಬೆಳೆಸಿದ್ದರು. ಗಾಜಿನ ಮನೆಯ ಅಸ್ತಿಭಾರವೂ ಆ ಕಾಲದಲ್ಲಿ, 1889ರಲ್ಲಿ, ಬಿದ್ದಿತ್ತು. ಪರರು ನೆಟ್ಟದ್ದನ್ನು ಕಡೆಗಣಿಸದೆ ಮುಂದುವರಿಸುವುದೇ ಉದ್ಯಾನಾಧಿಕಾರಿಯ ಮೊದಲ ಗುಣವೆಂದು ನಾವು ಭಾವಿಸುತ್ತೇವೆ.

ಕ್ರುಂಬಿಗಲ್‌ರ ದೃಷ್ಟಿ ಉದ್ಯಾನದ ಬೇಲಿಯನ್ನು ದಾಟಿತು. ಒಂದು ಜಾತಿಯ ಮರ ಹೂವುದುರಿಸುವಷ್ಟರಲ್ಲಿ ಮತ್ತೊಂದು ಜಾತಿ ಅರಳುವಂತೆ ಬೀದಿಗಳಲ್ಲಿ ಸಾಲುಮರಗಳನ್ನು ಯೋಜಿಸಿದರು. ಇದರಲ್ಲಿ ಅಲಂಕಾರಕ್ಕಿಂತ ಹಿರಿದಾದ ಅರ್ಥವಿದೆ. ಸ್ವಂತ ತೋಟವುಳ್ಳ ಸಿರಿವಂತನಿಗೆ ಹೂವು ಅಂಗಳದಲ್ಲಿಯೇ ದೊರಕುತ್ತದೆ. ಬಾಡಿಗೆಯ ಒಂದೇ ಕೋಣೆಯಲ್ಲಿ ವಾಸಿಸುವ ಕೂಲಿಕಾರನಿಗೆ ಬೀದಿಯ ಮರವೇ ತೋಟ, ಸಾರ್ವಜನಿಕ ಉದ್ಯಾನವೇ ವಿಶ್ರಾಂತಿಯ ತಾಣ. ಆ ನೆರಳಿಗೆ ಯಾರ ಅಪ್ಪಣೆಯೂ ಬೇಕಾಗದು.

1912ರಲ್ಲಿ ಆರಂಭವಾದ ಮೈಸೂರು ತೋಟಗಾರಿಕಾ ಸಂಘಕ್ಕೂ, ಕೃಷ್ಣರಾಜಸಾಗರದ ಬೃಂದಾವನದ ರಚನೆಗೂ ಅವರ ಶ್ರಮ ಸಂದಿತು. 1932ರಲ್ಲಿ ನಿವೃತ್ತರಾದರೂ ಅವರು ಈ ನೆಲವನ್ನು ತೊರೆಯಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಜರ್ಮನ್ ಸಂಜಾತರೆಂಬ ಕಾರಣಕ್ಕೆ ಬಂಧನವನ್ನು ಅನುಭವಿಸಬೇಕಾಯಿತು. ಯಾರ ಬೀದಿಗಳಿಗೆ ನೆರಳಿತ್ತರೋ ಅವರ ನಡುವೆಯೇ ಅವರು ಪರಕೀಯರೆನಿಸಿದರು! ಆದರೂ ಬೆಂಗಳೂರಿಗೇ ಮರಳಿದರು. 1956ರಲ್ಲಿ, ತೊಂಬತ್ತರ ವೃದ್ಧಾಪ್ಯದಲ್ಲಿ ಇಲ್ಲಿಯೇ ಕಾಲವಾದರು. ಹೊಸೂರು ರಸ್ತೆಯ ಮೆಥಡಿಸ್ಟ್ ಸ್ಮಶಾನದಲ್ಲಿ ಅವರ ಸಮಾಧಿಯಿದೆ.

ಅವರ ತರುವಾಯ ಎಚ್. ಸಿ. ಜವರಾಯರೂ, ಮುಂದೆ ಡಾ. ಎಂ. ಎಚ್. ಮರಿಗೌಡರೂ ಆ ಹೊಣೆಯನ್ನು ಹೊತ್ತರು. ಉದ್ಯಾನವೆಂಬುದು ಕಟ್ಟಿ ಮುಗಿಸುವ ಕಟ್ಟಡವಲ್ಲ. ಒಂದು ತಲೆಮಾರು ಕೈಬಿಟ್ಟರೆ ನೂರು ವರ್ಷಗಳ ದುಡಿಮೆ ಒಣಗುತ್ತದೆ. ಮರವೊಂದನ್ನು ಕಡಿಯಲು ಅರ್ಧ ದಿನ ಸಾಕು, ಬೆಳೆಸಲು ಒಬ್ಬ ಮನುಷ್ಯನ ಆಯುಷ್ಯ ಬೇಕು. ನಮ್ಮ ಊರಿನ ಉದ್ಯಾನಕ್ಕೆ ನೀರೆರೆಯುವ ಮಾಲಿಯನ್ನು ಹೆಸರು ಹಿಡಿದು ಮಾತನಾಡಿಸುವುದು, ಅವನು ನೆಟ್ಟ ಸಸಿಯನ್ನು ಕಾಯುವುದು ನಮ್ಮೆಲ್ಲರಿಂದಲೂ ಆಗಬಹುದಾದ ಕಾರ್ಯ.