ಯಂತ್ರ ಒಡೆದರೂ ನಿಲ್ಲದ ದನಿ: ರೇಡಿಯೊ ವೆರಿತಾಸ್ ಕತೆ

ಒಂದು ರೇಡಿಯೊ ಸ್ಟೇಶನ್ನು ಸರ್ಕಾರವನ್ನು ಬೀಳಿಸಬಹುದೇ? ಒಂದರಿಂದಲೇ ಆಗಲಿಕ್ಕಿಲ್ಲ. ಆದರೆ ಫಿಲಿಪ್ಪೀನ್ಸ್‌ನ ರೇಡಿಯೊ ವೆರಿತಾಸ್ ಕತೆ ಕೇಳಿ, ಆಮೇಲೆ ಹೇಳಿ.

ಲ್ಯಾಟಿನ್‌ನಲ್ಲಿ ವೆರಿತಾಸ್ ಅಂದರೆ ಸತ್ಯ. 1958ರಲ್ಲಿ ಮನಿಲಾದಲ್ಲಿ ಸೇರಿದ್ದ ಆಗ್ನೇಯ ಏಷ್ಯಾದ ಕ್ಯಾಥೊಲಿಕ್ ಬಿಷಪ್ಪರು ಏಷ್ಯಾಕ್ಕೆಲ್ಲ ಕೇಳುವಂಥ ಬಾನುಲಿಯೊಂದು ಬೇಕೆಂದು ತೀರ್ಮಾನಿಸಿದರು. ಪಶ್ಚಿಮ ಜರ್ಮನಿಯ ನೆರವು ಸಿಕ್ಕಿತು. 1969ರ ಏಪ್ರಿಲ್‌ನಲ್ಲಿ ಉದ್ಘಾಟನೆಯೂ ಆಯಿತು. ಹೊರದೇಶಗಳಿಗೆ ಶಾರ್ಟ್‌ವೇವ್, ಊರಿನವರಿಗೆ ಮೀಡಿಯಂ ವೇವ್. ಪ್ರಾರ್ಥನೆ, ಪ್ರವಚನ, ಸುದ್ದಿ... ಇಷ್ಟೇ.

1972ರಲ್ಲಿ ಅಧ್ಯಕ್ಷ ಮಾರ್ಕೋಸ್ ಸೈನಿಕ ಶಾಸನ ಹೇರಿದರು. ಪತ್ರಿಕೆ, ರೇಡಿಯೊ, ಟಿವಿಗಳೆಲ್ಲ ಸರ್ಕಾರದ ಹಿಡಿತಕ್ಕೆ ಬಂದವು. 1975ರ ತುರ್ತು ಪರಿಸ್ಥಿತಿಯಲ್ಲಿ ನಮ್ಮವರು ನಿಜ ಸುದ್ದಿಗಾಗಿ ಬಿಬಿಸಿ ಹುಡುಕುತ್ತಿದ್ದರಲ್ಲ, ಹೆಚ್ಚುಕಮ್ಮಿ ಅದೇ ಸ್ಥಿತಿ.

ವೆರಿತಾಸ್‌ಗೆ ನಿಜವಾದ ಪರೀಕ್ಷೆ ಬಂದದ್ದು 1983ರಲ್ಲಿ. ಆಗಸ್ಟ್ 21ರಂದು ವಿರೋಧ ಪಕ್ಷದ ನಾಯಕ ಬೆನಿಗ್ನೋ ಅಕಿನೋ ಮನಿಲಾ ವಿಮಾನ ನಿಲ್ದಾಣದಲ್ಲೇ ಕೊಲೆಯಾದರು. ಹತ್ತು ದಿನಗಳ ನಂತರ ಶವಯಾತ್ರೆ. ಲಕ್ಷಾಂತರ ಜನ ಬೀದಿಗಿಳಿದರು. ಮಿಕ್ಕ ಬಾನುಲಿಗಳು ಸುಮ್ಮನಿದ್ದರೆ ವೆರಿತಾಸ್ ಅದನ್ನು ನೇರ ಪ್ರಸಾರ ಮಾಡಿತು. 'ಇವರು ಮುಚ್ಚಿಡುವುದಿಲ್ಲ' ಎಂಬ ನಂಬಿಕೆ ಜನರಲ್ಲಿ ಬೇರೂರಿದ್ದು ಅಂದೇ.

1986ರ ಫೆಬ್ರುವರಿಯಲ್ಲಿ ಚುನಾವಣೆ ನಡೆಯಿತು. ಮೋಸದ ಆರೋಪಗಳು ಎದ್ದವು. 22ರ ಸಂಜೆ ರಕ್ಷಣಾ ಮಂತ್ರಿ ಎನ್ರಿಲೆ ಮತ್ತು ಸೇನಾಧಿಕಾರಿ ರಾಮೋಸ್ ಮಾರ್ಕೋಸ್ ವಿರುದ್ಧ ತಿರುಗಿ ಸೇನಾ ಶಿಬಿರಗಳಲ್ಲಿ ಕುಳಿತರು. ಅವರ ಬಳಿ ಇದ್ದದ್ದು ಸ್ವಲ್ಪವೇ ಸೈನಿಕರು. ಆ ರಾತ್ರಿ ಕಾರ್ಡಿನಲ್ ಹೈಮೆ ಸಿನ್ ವೆರಿತಾಸ್ ಮೂಲಕ ಜನರಿಗೆ ಮನವಿ ಮಾಡಿದರು: ಶಿಬಿರಗಳ ಬಳಿ ಹೋಗಿ, ಅಲ್ಲಿರುವವರಿಗೆ ಬೆಂಬಲವಾಗಿ ನಿಲ್ಲಿ, ಊಟ ಕೊಡಿ. ಜನ ಎಡ್ಸಾ ಎಂಬ ಹೆದ್ದಾರಿಗೆ ಹರಿದು ಬಂದರು. ಟ್ಯಾಂಕುಗಳ ಮುಂದೆ ಜಪಮಾಲೆ ಹಿಡಿದು ಕುಳಿತರು!

ಸರ್ಕಾರ ಬಿಟ್ಟೀತೇ? ಮರುದಿನ ಬೆಳಗಿನ ಜಾವ ಸೈನಿಕರು ಮಾಲೋಲೋಸ್‌ನಲ್ಲಿದ್ದ ಮುಖ್ಯ ಟ್ರಾನ್ಸ್‌ಮಿಟರನ್ನು ಒಡೆದುಹಾಕಿದರು. ಚಿಕ್ಕ ಟ್ರಾನ್ಸ್‌ಮಿಟರಿನಿಂದ ದಿನವಿಡೀ ಪ್ರಸಾರ ಮುಂದುವರಿಯಿತು. ಕೊನೆಗೆ ಅದೂ ಕೈಕೊಟ್ಟಿತು. ಆಗ ನಿರೂಪಕಿ ಜೂನ್ ಕೀತ್ಲಿ ಮತ್ತು ಸಂಗಡಿಗರು ಡಿಜ಼ಡ್‌ಆರ್‌ಜೆ ಎಂಬ ಇನ್ನೊಂದು ಬಾನುಲಿಗೆ ಗುಟ್ಟಾಗಿ ಸ್ಥಳಾಂತರವಾದರು. ಹೆಸರು ಹೇಳುವಂತಿಲ್ಲ, ಜಾಗ ಹೇಳುವಂತಿಲ್ಲ. 'ಮ್ಯಾಂಬೊ ಮ್ಯಾಗ್ಸೆಸೆ' ಎಂಬ ಹಳೆಯ ಚುನಾವಣಾ ಹಾಡು ಹಾಕಿದರು. ಜನಕ್ಕೆ ಅರ್ಥವಾಯಿತು. ಆ ಅಲೆಗೆ 'ರೇಡಿಯೊ ಬಂದಿದೊ', ಅಂದರೆ ಡಕಾಯಿತ ರೇಡಿಯೊ ಎಂಬ ಹೆಸರು ಬಂತು. 25ರ ರಾತ್ರಿ ಮಾರ್ಕೋಸ್ ಅರಮನೆ ಬಿಟ್ಟು ಓಡಿದರು.

ಅದೇ ವರ್ಷ ವೆರಿತಾಸ್‌ಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅದರ ಏಷ್ಯಾ ವಿಭಾಗದ ಶಾರ್ಟ್‌ವೇವ್ ಪ್ರಸಾರ 2018ರ ಜೂನ್ 30ಕ್ಕೆ ನಿಂತು ಅಂತರ್ಜಾಲಕ್ಕೆ ಹೋಯಿತು. ಮನಿಲಾದ ಸ್ಥಳೀಯ ಬಾನುಲಿ ಮಾತ್ರ ಉಳಿದುಕೊಂಡಿದೆ.

ನನಗನ್ನಿಸುವುದಿಷ್ಟು. 1986ರಲ್ಲಿ ಜನ ಆ ಕರೆಗೆ ಓಗೊಟ್ಟದ್ದು ಅದು ಚರ್ಚಿನ ರೇಡಿಯೊ ಅಂತಷ್ಟೇ ಅಲ್ಲ, 1983ರಲ್ಲಿ ಅದು ಬಾಯಿ ಮುಚ್ಚಿರಲಿಲ್ಲ ಅಂತ. ಸೈನಿಕರಿಗೆ ಒಡೆಯಲು ಸಿಕ್ಕದ್ದು ಯಂತ್ರ. ನಂಬಿಕೆ ಮಾಲೋಲೋಸ್‌ನಲ್ಲಿ ಇರಲೇ ಇಲ್ಲ, ರೇಡಿಯೊದ ತಿರುಪು ತಿರುಗಿಸುತ್ತಾ ಆ ದನಿಯನ್ನು ಹುಡುಕುತ್ತಿದ್ದವರ ಮನೆಗಳಲ್ಲಿತ್ತು. ನೀವೇನಂತೀರಿ?